ನರಸಮ್ಮನ ಕೈತುತ್ತು

ಹನ್ನೊಂದು ತಿಂಗಳ ಕೂಸಿಗೆ ಅಷ್ಟೊಂದು ಹಠ ಎಲ್ಲಿಂದ ಬಂತೋ ಆ ದೇವರೇ ಹೇಳಬೇಕು. ತುಟಿ ಬಿಗಿದು ಕೂತಿತೆಂದರೆ ಮುಗಿಯಿತು, ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಹೇಗೋ ಒಂದು ಬೆರಳು ರಾಗಿ ಸರಿಯನ್ನು ಒಳಗೆ ಸವರಿದರೆ ನಾಲಿಗೆಯ ತುದಿಯಿಂದ ಹೊರಗೆ ನೂಕಿ, ಗಲ್ಲದ ಮೇಲೆಲ್ಲ ಹರಿಸಿಕೊಂಡು, ಆಮೇಲೆ ಕಿಟಾರನೆ ಕಿರುಚುತ್ತಿತ್ತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯವರ ಲೈನುಮನೆಗಳಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಬಿದಿರಿನ ತಟ್ಟಿ, ಅದರ ಮೇಲೊಂದಿಷ್ಟು ಮಣ್ಣು, ಒಂದಿಷ್ಟು ಸುಣ್ಣ. ಒಂದು ಕೂಸು ಅತ್ತರೆ ಹತ್ತು ಮನೆಯವರು ಬುದ್ಧಿ ಹೇಳಲು ಬರುತ್ತಾರೆ.

ವರಲಕ್ಷ್ಮಮ್ಮ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಹೋಗುವಂತಿರಲಿಲ್ಲ. ಅಮ್ಮನ ವಾಸನೆ ಬಡಿದರೆ ಸಾಕು, ಮಗಳು ಅಮ್ಮಣ್ಣಿ ಬಟ್ಟಲನ್ನು ಒದ್ದು ಸೆರಗಿಗೆ ಕೈ ಹಾಕುತ್ತಿತ್ತು. ಹಾಗಾಗಿ ಅತ್ತೆ ನರಸಮ್ಮ ಒಳಗೆ, ಸೊಸೆ ಹೊರಗೆ. ನಲ್ಲಿಯವರೆಗೆ ಹೋಗುವಳು, ಬರಿಗೈಲಿ ವಾಪಸ್ಸು ಬರುವಳು. ಒಣಗಿದ ಬಟ್ಟೆಯನ್ನು ಮತ್ತೆ ಹಿಂಡುವಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಿಲ್ಲುವುದಾದರೂ ಹೇಗೆ? ಕೋಲಾರದ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಸಾವಿರದ ಒಂಬೈನೂರ ಐವತ್ತೆಂಟರ ಜೂನ್ ಹದಿನಾರು, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕು. ಒಂದು ವರ್ಷ ಹಾಸ್ಟೆಲಿನಲ್ಲಿರಬೇಕು. ಮಕ್ಕಳನ್ನು ಕರೆತರುವಂತಿಲ್ಲ. ಬಾರದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಮದುವೆಗೆ ಮುಂಚೆ ಲೋಯರ್ ಸೆಕೆಂಡರಿ ಪಾಸು ಮಾಡಿದ್ದ ವರಲಕ್ಷ್ಮಮ್ಮ ಆ ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟು, ಅದು ಇದೆಯೋ ಇಲ್ಲವೋ ಅಂತ ಆಗಾಗ ಮುಟ್ಟಿ ನೋಡುತ್ತಿದ್ದವಳು. ಅರ್ಜಿ ತಂದುಕೊಟ್ಟವನು ಗಂಡ ಆದಿನಾರಾಯಣ. ಗಣಿಯೊಳಗೆ ಮರದ ದಿಮ್ಮಿ ಕೊಟ್ಟು ಬಂಡೆ ಕುಸಿಯದಂತೆ ನಿಲ್ಲಿಸುವ ಕೆಲಸ ಅವನದು, ಮಾತು ಕಮ್ಮಿ. ಕಾಗದ ಬಂದಾಗ, "ಓಗು. ಕೂಸನ್ನ ಅವ್ವ ನೋಡ್ಕೋತಾಳೆ" ಅಂದ, ಅಷ್ಟೇ.

ಅವ್ವ ಬಂದಳು. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಳ್ಳಿ ಅವಳದು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಹಳೆಯ ಪಂಚೆಯಲ್ಲಿ ಸೋಸಿದ ನುಣ್ಣನೆಯ ಸರಿಹಿಟ್ಟನ್ನು ಗಂಟು ಕಟ್ಟಿ ತಂದಿದ್ದಳು. ಹೊಸಿಲು ದಾಟುವ ಮುಂಚೆಯೇ, "ನಾಕ್ ಮಕ್ಳಿಗೆ ಆಲು ಬಿಡ್ಸಿದ್ದೀನಿ ಕಣೇ. ಇದೊಂದು ಗುಬ್ಬಚ್ಚಿ ನಂಗೆ ಯಾವ ಮೂಲೆಗೆ?" ಅಂದಳು.

ಹಾಲು ಬಿಡಿಸುವ ಮದ್ದು ಊರಿಗೆಲ್ಲ ಗೊತ್ತಿದ್ದದ್ದೇ, ಬೇವಿನ ಸೊಪ್ಪು. ಲೈನಿನ ಕೊನೆಯ ಮರದಿಂದ ಎಳೆ ಸೊಪ್ಪು ಕಿತ್ತು, ಒರಳುಕಲ್ಲಿನಲ್ಲಿ ಅರೆದು, ತೆಂಗಿನ ಚಿಪ್ಪಿನಲ್ಲಿ ಹಾಕಿ ನರಸಮ್ಮ ಸೊಸೆಗೆ ಕೊಟ್ಟಳು. ಸೊಸೆ ಬಟ್ಟೆಯ ಚೂರಿನಲ್ಲಿ ಅದ್ದಿ ಎದೆಗೆ ಹಚ್ಚಿಕೊಂಡಳು. ಕೂಸು ಬಾಯಿ ಹಾಕಿತು, ಮುಖ ಕಿವುಚಿತು, ಅಮ್ಮನನ್ನೇ ದುರುಗುಟ್ಟಿಕೊಂಡು ನೋಡಿತು. ಆ ನೋಟ ತಡೆಯಲಾರದೆ ವರಲಕ್ಷ್ಮಮ್ಮ ಮೊದಲ ಎರಡು ರಾತ್ರಿ ಕದ್ದುಮುಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಹಾಲು ಕೊಟ್ಟಳು. ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? "ಇಂಗಾದ್ರೆ ನೀನು ಕೋಲಾರಕ್ಕೆ ಓದಂಗೇ" ಎಂದು ಬೈದು, ಅವತ್ತಿನಿಂದ ದಿನಕ್ಕೆ ಐದು ಸಲ ಅರೆಯಲು ಕೂತಳು. ಅರೆಯುವುದು, ಕೈಗೆ ನೀರು ತೋರಿಸುವುದು, ಸೆರಗಿಗೆ ಒರೆಸುವುದು, ಸರಿ ಕಾಯಿಸುವುದು, ಬೆಲ್ಲ ಹಾಕುವುದು, ಬೆರಳದ್ದಿ ಬಿಸಿ ನೋಡುವುದು, ಕೂಸನ್ನು ಕಾಲಮೇಲೆ ಹಾಕಿಕೊಂಡು ಅದೇ ಬೆರಳಲ್ಲಿ ತಿನ್ನಿಸುವುದು. ಬೆಳಿಗ್ಗೆಯಿಂದ ಬೈಗಿನವರೆಗೆ ಇದೇ ಆಯಿತು.

"ಚಮಚದಲ್ಲಿ ಕೊಟ್ಟು ನೋಡೋಣವೇ ಅತ್ತೆ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಚಮ್ಚ ಏನ್ ಕೂಸಿನ ಅಜ್ಜೀನಾ? ಕೈತುತ್ತು ಕಲೀಬೇಕು. ಕೈ ರುಚಿ ಅತ್ಬೇಕು."

ಹತ್ತಲಿಲ್ಲ. ಐದು ದಿನವಾಯಿತು, ಎಂಟಾಯಿತು, ಹತ್ತಾಯಿತು. ಒಳಲೆಯಲ್ಲಿ ಎರೆದ ಹಸುವಿನ ಹಾಲಷ್ಟೇ ಕೂಸಿನ ಹೊಟ್ಟೆಗೆ ಆಧಾರ. ಹೆರಿಗೆ ಆಸ್ಪತ್ರೆಯ ನರ್ಸು ತಕ್ಕಡಿಯಲ್ಲಿ ಕೂರಿಸಿ, ಮುಕ್ಕಾಲು ಪೌಂಡು ಇಳಿದಿದೆ ಅಂದಳು. "ಹಾಲು ಬಿಡಿಸೋದು ಆಮೇಲೆ, ಮೊದಲು ಊಟ ಹತ್ತಲಿ. ಈ ಸ್ಥಿತೀಲಿ ಬಿಟ್ಟು ಹೋಗ್ತೀಯಾ?" ಎಂದು ಕೇಳಿದಳು. ವರಲಕ್ಷ್ಮಮ್ಮ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೊರಟಳು. ಕೂಸು ತಿಂದರೆ ಹೋಗುವುದು, ತಿನ್ನದಿದ್ದರೆ ಆ ಕಾಗದವನ್ನು ಒಲೆಗೆ ಹಾಕುವುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಳು.

ಅವಳ ತಲೆಯೊಳಗೆ ಹುಳ ಬಿಟ್ಟದ್ದು ಮಾತ್ರ ಪಕ್ಕದ ಮನೆಯ ಮಾರಿಯಮ್ಮ. ಪಾಪ, ಅವಳು ಬೇಕೆಂದು ಮಾಡಿದ್ದಲ್ಲ. ಗುರುವಾರ ಮಧ್ಯಾಹ್ನ ಅಮ್ಮಣ್ಣಿ ತೆವಳಿಕೊಂಡು ಅವಳ ಮನೆಗೆ ಹೋಗಿತ್ತು. ಮಾರಿಯಮ್ಮ ತನ್ನ ತಟ್ಟೆಯಿಂದ ರಸದ ಅನ್ನ ಹಿಸುಕಿ ಇಷ್ಟಿಷ್ಟೇ ಕೊಟ್ಟಳು. ಕೂಸು ಆ ಅಂತ ಬಾಯಿ ತೆರೆದು, ನುಂಗಿ, ಇನ್ನೂ ಬೇಕೆಂದು ಅವಳ ಮಣಿಕಟ್ಟು ಹಿಡಿದೆಳೆಯಿತು.

"ಅಯ್ಯಯ್ಯೋ, ಪಾಪಾಗೆ ಊಟ ಸೇರಲ್ಲ ಅಂತ ಯಾರಮ್ಮಾ ಸೊನ್ನದು? ಬಾ ನೋಡು, ಎಂಗೆ ಸಾಪಿಡ್ತೈತೆ!" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ತಟ್ಟಿಯಾಚೆಯಿಂದ ಕೂಗಿದಳು.

ವರಲಕ್ಷ್ಮಮ್ಮ ಓಡಿಹೋಗಿ ನೋಡಿದಳು. ಕುಣಿಯುವಷ್ಟು ಸಂತೋಷವಾಯಿತು. ಮರುಗಳಿಗೆಯೇ ಬೇರೊಂದು ಲೆಕ್ಕ ಹೊಳೆಯಿತು. ಹಾಗಾದರೆ ಕೂಸಿಗೆ ಹಸಿವೂ ಇದೆ, ಊಟವೂ ಸೇರುತ್ತದೆ, ಸೇರದಿರುವುದು ಅತ್ತೆಯ ಕೈಯೊಂದೇ. ಮಾರಿಯಮ್ಮನನ್ನು ನೆಚ್ಚಿಕೊಂಡು ಹೋಗುವಂತಿಲ್ಲ, ಅವಳಿಗೂ ಅವಳ ಗಂಡ ಆರುಮುಗಂಗೂ ಬೆಳಗಾದರೆ ತರಕಾರಿ ಮಾರುವ ಕೆಲಸ. ವರ್ಷವಿಡೀ ಉಣ್ಣಿಸಬೇಕಾದವಳು ಅತ್ತೆಯೇ. ಆ ಅತ್ತೆ ಎಂಥವಳು? ಹೆಣ್ಣು ನೋಡಲು ಬಂದಾಗ ಎಲ್ಲರ ಮುಂದೆ, "ಓದಿರೋಳು ರಾಗಿ ಬೀಸ್ತಾಳಾ, ಇಲ್ಲ ಕಲ್ಲಿಗೆ ಪಾಠ ಏಳ್ತಾಳಾ?" ಎಂದು ಮೂಗು ಮುರಿದವಳು. ಅಂಥವಳು ಸೊಸೆ ಟೀಚರಾಗಲಿ ಅಂತ ಬಯಸುತ್ತಾಳೆಯೇ? ಸುಮ್ಮನೆ ತಿನ್ನಿಸುವ ಆಟ ಕಟ್ಟುತ್ತಿದ್ದಾಳೆ. ಬೇಕೆಂದೇ ಗಂಟಲಿಗೆ ಬೆರಳು ತುರುಕುತ್ತಿರಬಹುದು, ಚಿವುಟುತ್ತಿರಬಹುದು, ಯಾರು ಕಂಡರು? ಹೊರಗೆ ನಿಂತವಳಿಗೆ ಕೇಳುವುದು ಅಳುವೊಂದೇ.

ಒಮ್ಮೆ ಹೊಕ್ಕ ಅನುಮಾನ ಬಿಡುತ್ತದೆಯೇ? ಶುಕ್ರವಾರವೆಲ್ಲ ಬಾಗಿಲ ಸಂದಿಯಿಂದ ಇಣುಕಿದಳು. ನರಸಮ್ಮ ಹೊಗೆಸೊಪ್ಪು ಅಗಿಯುತ್ತ, "ರೈಲಪ್ಪ ಬಂದ, ಗೇಟು ತೆಗಿ, ಬುಸ್ ಬುಸ್" ಎಂದು ಕೂಸಿನ ಬಾಯಿಯ ಮುಂದೆ ಬೆರಳಾಡಿಸುತ್ತಿದ್ದಳು. ಚಿವುಟುತ್ತಿರಲಿಲ್ಲ. ಆದರೂ ವರಲಕ್ಷ್ಮಮ್ಮನ ಮನಸ್ಸು ಒಪ್ಪಲಿಲ್ಲ.

ಶನಿವಾರ ಮಧ್ಯಾಹ್ನ ನೆಲದಾಳದಲ್ಲೆಲ್ಲೋ ಬಂಡೆ ಸಿಡಿಯಿತು. ಆ ಕಡೆ ಅದು ಹೊಸದೇನಲ್ಲ. ಗುಡುಗು ಕೆಳಗಿನಿಂದ ಬಂದಂತೆ ಸದ್ದು, ಗೂಡಿನಲ್ಲಿದ್ದ ಲೋಟಗಳು ಗಲಗಲ ಅಂದವು, ತಟ್ಟಿಗೋಡೆಯಿಂದ ಮಣ್ಣು ಉದುರಿತು. ಲೈನಿನ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಹಾಗೇ ನಿಂತರು. ಯಾವ ಗಣಿ, ಯಾವ ಆಳ, ಯಾರ ಪಾಳಿ ಎಂದು ತಿಳಿಯುವವರೆಗೆ ಯಾರೂ ಮಾತಾಡುವುದಿಲ್ಲ. ಒಂದೂವರೆ ಗಂಟೆಯ ಮೇಲೆ ಊರಿಗಾಂ ಗಣಿಯ ಕಡೆಯದು, ಯಾರಿಗೂ ಏನೂ ಆಗಿಲ್ಲ ಎಂದು ಸುದ್ದಿ ಬಂತು. ಅಲ್ಲಿಯವರೆಗೂ ವರಲಕ್ಷ್ಮಮ್ಮ ಒಲೆಯ ಮುಂದೆ ಸೌಟು ಹಿಡಿದು ಕೂತೇ ಇದ್ದಳು, ಸಾರು ಉಕ್ಕಿ ಒಲೆ ಆರಿಹೋಗಿತ್ತು. ನರಸಮ್ಮ ಅವಳನ್ನೇ ನೋಡುತ್ತಿದ್ದಳು. ಎದ್ದುಹೋಗಿ ಮತ್ತೆ ಬೇವು ಅರೆಯಲು ಕೂತಳು.

ಭಾನುವಾರ ಬಂದೇಬಿಟ್ಟಿತು. ಮಧ್ಯಾಹ್ನ ಒಂದು ಗಂಟೆಯ ರೈಲಿಗೆ ಬಂಗಾರಪೇಟೆ, ಅಲ್ಲಿಂದ ಮೂರಕ್ಕೆ ಕೋಲಾರದ ಚಿಕ್ಕ ರೈಲು. ಆದಿನಾರಾಯಣ ಬೆಳಗಿನ ಪಾಳಿಗೆ ಹೊರಟವನು ಟ್ರಂಕಿನ ಮೇಲೆ ಒಮ್ಮೆ ಕೈಯಿಟ್ಟು, "ಓಗೋದಾದ್ರೆ ಆರುಮುಗಂ ಸ್ಟೇಷನ್‌ಗಂಟ ತಂದ್‌ಕೊಡ್ತಾನೆ" ಅಂದ. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೂಸಿನ ಸೊರಗಿದ ತೊಡೆಯನ್ನು ಅವನೂ ನೋಡಿದ್ದ.

ಒಂಬತ್ತರ ಹೊತ್ತಿಗೆ ನರಸಮ್ಮ ಬಟ್ಟಲು ಹಿಡಿದು ಹೊರಗೆ ಬಂದಳು. ಬಟ್ಟಲು ತುಂಬಿದ ಹಾಗೇ ಇತ್ತು. "ಎಲ್ಡ್ ಬೆರ್ಳೂ ಓಗ್ಲಿಲ್ಲ" ಅಂದಳು.

ವರಲಕ್ಷ್ಮಮ್ಮನ ಸಹನೆ ಅಲ್ಲಿಗೆ ಕಿತ್ತುಹೋಯಿತು. "ಹೋಗಲ್ಲ, ಅತ್ತೆ, ಹೋಗಲ್ಲ! ಮಾರಿಯಮ್ಮ ಕೊಟ್ರೆ ತಿಂತಾಳೆ, ಹಾದೀಲಿ ಹೋಗೋರು ಕೊಟ್ರೂ ತಿಂತಾಳೆ, ನಿಮ್ಮ ಕೈಯಿಂದ ಮಾತ್ರ ಯಾಕಿಲ್ಲ? ನಾನು ಹೋಗಬಾರದು ಅಂತ ತಾನೆ? ಹಂಗಂತ ಬಾಯಿಬಿಟ್ಟು ಹೇಳಿ. ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೂಸನ್ನ ಯಾಕೆ ಉಪವಾಸ ಕೆಡವ್ತೀರಿ?"

ಒಂದಕ್ಕೆ ಹತ್ತು ಆಡುವ ನರಸಮ್ಮ ಬಟ್ಟಲು ತೊಳೆದು ಬೋರಲು ಹಾಕಿದಳು. ಗಂಟು ಕಟ್ಟಿದಳು. ಕೂಸಿನ ತಲೆ ಸವರಿ, "ಬತ್ತೀನಿ ಕಣವ್ವಾ" ಎಂದು ಅದಕ್ಕೆ ಹೇಳಿದಳೇ ಹೊರತು ಸೊಸೆಯ ಕಡೆ ತಿರುಗಲಿಲ್ಲ. ಸ್ಟೇಷನ್ ದಾರಿ ಹಿಡಿದು ಹೊರಟೇಹೋದಳು.

ಹೋಗಲಿ ಪೀಡೆ ಅಂದುಕೊಂಡಳು ವರಲಕ್ಷ್ಮಮ್ಮ. ಅಂದುಕೊಂಡಷ್ಟು ಹಗುರವಾಗಲಿಲ್ಲ. ಕೂಸು ಹಸಿದು ಎದೆಗೆ ಹತ್ತುತ್ತಿತ್ತು, ಎದೆ ಕಲ್ಲಿನಂತೆ ಬಿಗಿದಿತ್ತು. ಚಿಪ್ಪಿನಲ್ಲಿ ಬೇವು ಮುಗಿದಿತ್ತು. ಹಾಲು ಕೊಟ್ಟುಬಿಡಲೇ ಎಂದುಕೊಂಡಳು. ಕೊಟ್ಟರೆ ಇಷ್ಟು ದಿನದ ಹಿಂಸೆಯೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಇನ್ನೂ ಎರಡು ಗಂಟೆ ಇದೆ, ಕೊನೆಯ ಸಲ ತಾನೇ ನೋಡಿಬಿಡುವುದು ಎಂದು ಹಟಕ್ಕೆ ಬಿದ್ದು, ಮೊದಲ ಸಲ ತಾನೇ ಕೂತು ಬೇವು ಅರೆದಳು. ಹಚ್ಚಿಕೊಂಡಳು. ಕೈ ತೊಳೆದು ಸರಿ ಕಾಯಿಸಿದಳು, ಬೆಲ್ಲವನ್ನು ಒಂದು ಹಿಡಿ ಜಾಸ್ತಿಯೇ ಹಾಕಿದಳು. ಬೆರಳಲ್ಲಿ ತೆಗೆದು ಬಾಯಿಗಿಟ್ಟಳು.

ಕೂಸು ಥೂ ಎಂದು ಅವಳ ಮುಖಕ್ಕೇ ಉಗಿಯಿತು.

ಇನ್ನೊಂದು ಸಲ ಕೊಟ್ಟಳು, ಅದೂ ಅಷ್ಟೇ. ವರಲಕ್ಷ್ಮಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ತನ್ನ ಕೈಯಿಂದಲೂ ಇಲ್ಲ! ಅಳು ಬರಲಿಲ್ಲ, ಬದಲಿಗೆ ಹಸಿವಾಯಿತು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. ಬೆರಳಿಗೆ ಮೆತ್ತಿದ್ದ ಸರಿಯನ್ನು ಸುಮ್ಮನೆ ನೆಕ್ಕಿದಳು.

ವಿಷ! ಬೆಲ್ಲ ಹಾಕಿದ ಸರಿ ಹಾಲಾಹಲದಂತಿತ್ತು. ಬಟ್ಟಲಿನದನ್ನು ಚಮಚದಲ್ಲಿ ತೆಗೆದು ನಾಲಿಗೆಗೆ ಇಟ್ಟಳು, ಸಿಹಿ. ಮತ್ತೆ ಬೆರಳು ನೆಕ್ಕಿದಳು, ಕಹಿ. ಉಗುರಿನ ಸಂದಿಯಲ್ಲಿ ಹಸಿರು ಕೂತಿತ್ತು. ಒಂದೇ ಒಂದು ಸಲ ಅರೆದ ಕೈ ಇದು. ದಿನಕ್ಕೆ ಐದು ಸಲ, ಹನ್ನೆರಡು ದಿನ ಅರೆದ ಕೈ ಹೇಗಿರಬೇಡ? ಆ ಒಡೆದ ಬೆರಳು, ಆ ದಪ್ಪ ಚರ್ಮ! ಅತ್ತೆಗೆ ತನ್ನ ಊಟದಲ್ಲೂ ಗೊತ್ತಾಗಿಲ್ಲ ಅಂದರೆ, ಮೂವತ್ತು ವರ್ಷ ಹೊಗೆಸೊಪ್ಪು ಅಗಿದ ನಾಲಿಗೆಯಲ್ಲಿ ರುಚಿ ಎಲ್ಲಿ ಉಳಿದಿರುತ್ತದೆ?

"ಅಯ್ಯೋ ನನ್ನ ಬಾಯಿ ಸೇದಿಹೋಗ" ಎಂದು ವರಲಕ್ಷ್ಮಮ್ಮ ತಲೆ ಚಚ್ಚಿಕೊಂಡಳು. ಎಂಥ ಮಾತಾಡಿಬಿಟ್ಟೆ! ಉಪವಾಸ ಕೆಡವುತ್ತೀರಿ ಅಂದೆನಲ್ಲ, ಯಾರಿಗೆ ಅಂದೆ!

ಹುಣಸೆಹಣ್ಣು ಹಾಕಿ ತಿಕ್ಕಿದಳು, ಹೋಗಲಿಲ್ಲ. ಬೂದಿ ಹಾಕಿದಳು, ಹೋಗಲಿಲ್ಲ. ಹರಳೆಣ್ಣೆ ಸವರಿ, ಉಗುರ ಸಂದಿಗೂ ಬಿಟ್ಟು, ಮೇಲೆ ಕಡಲೆಹಿಟ್ಟು ಹಾಕಿ ಉಜ್ಜಿದ ಮೇಲೆ ನೆಕ್ಕಿದರೆ ಕಹಿ ಇರಲಿಲ್ಲ. ಒಂದು ಬೆರಳು ಸರಿ ಕೊಟ್ಟಳು. ಅಮ್ಮಣ್ಣಿ ನುಂಗಿತು. ಇನ್ನೊಂದಕ್ಕೆ ಬಾಯಿ ತೆರೆಯಿತು. ಆ ಹಸಿವು ಅತ್ತೆಯ ಕೈಗೇ ಉಳಿಯಲಿ ಎಂದು ಅಲ್ಲಿಗೇ ನಿಲ್ಲಿಸಿದಳು. ತನ್ನ ಕೈಯಿಂದ ತಿಂದು ಏನು ಪ್ರಯೋಜನ? ನಾಳೆಯಿಂದ ತಿನ್ನಿಸುವವಳು ಆ ಕಡೆ ಹೋಗಿಬಿಟ್ಟಿದ್ದಾಳೆ. ಅವಳ ಹಳ್ಳಿಗೆ ಬಂಗಾರಪೇಟೆಯಿಂದ ನಾಲ್ಕು ಗಂಟೆಯವರೆಗೆ ಬಸ್ಸಿಲ್ಲ, ಅದೊಂದೇ ಪುಣ್ಯ.

ಸರಿಯನ್ನು ಮುಚ್ಚಳದ ಪಾತ್ರೆಗೆ ಸುರಿದು, ಎಣ್ಣೆ ಸೀಸೆ, ಕಡಲೆಹಿಟ್ಟಿನ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿ, ಕೂಸನ್ನು ಎತ್ತಿಕೊಂಡಳು. ಆರುಮುಗಂ ಟ್ರಂಕು ಹೊತ್ತು ಮುಂದೆ ಓಡಿದ. "ಮಗು ಯಾಕೆ ಕರ್ಕೊಂಡು ಹೋಗ್ತೀಯಾಮ್ಮಾ, ಅಲ್ಲಿ ಸೇರಿಸಲ್ವಲ್ಲ?" ಎಂದು ಮಾರಿಯಮ್ಮ ಬಾಗಿಲಲ್ಲೇ ಕೇಳಿದಳು. "ಅತ್ತೆ ಸಿಕ್ಕರೆ ಕೂಸು ವಾಪಸ್ಸು ಬರುತ್ತೆ, ಸಿಗದಿದ್ದರೆ ನಾನೂ ವಾಪಸ್ಸು ಬರ್ತೀನಿ" ಎಂದು ವರಲಕ್ಷ್ಮಮ್ಮ ನಡೆಯುತ್ತಲೇ ಹೇಳಿದಳು. ರೈಲಿನಲ್ಲಿ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಕೂಸು ಹಸಿವಿಗೆ ಅತ್ತೂ ಅತ್ತೂ ಕೆಮ್ಮುತ್ತಿತ್ತು, ಎದುರು ಕೂತವರೆಲ್ಲ, ಎಂಥ ತಾಯಪ್ಪಾ ಇವಳು, ಹಾಲು ಕೊಡಬಾರದೇ ಎಂಬಂತೆ ನೋಡುತ್ತಿದ್ದರು.

ಬಂಗಾರಪೇಟೆಯಲ್ಲಿ ಚಿಕ್ಕ ರೈಲು ನಿಲ್ಲುವ ಕಡೆ ಬೇಲಿಯ ಪಕ್ಕ ಒಂದು ಹೊಂಗೆ ಮರ. ಅದರ ಕೆಳಗೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನರಸಮ್ಮ ಕೂತಿದ್ದಳು. ಸೊಸೆಯನ್ನು ಕಂಡದ್ದೇ ಮುಖ ಆ ಕಡೆ ಮಾಡಿದಳು.

"ಅತ್ತೆ, ನಿಮ್ಮ ಕೈ ಕೊಡಿ."

"ಯಾಕೆ, ಕಡಿಯಾಕಾ?"

ವರಲಕ್ಷ್ಮಮ್ಮ ಹೇಳುತ್ತ ನಿಲ್ಲಲಿಲ್ಲ. ಆ ಕೈಯನ್ನು ಎಳೆದು, ತೋರುಬೆರಳನ್ನು ತನ್ನ ಬಾಯಿಗೆ ಹಾಕಿಕೊಂಡು ಚೀಪಿದಳು. ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಬಾಯಿಮೇಲೆ ಬೆರಳಿಟ್ಟಳು. ಕಹಿ ಅಂದರೆ ಅದೆಂಥ ಕಹಿ, ವರಲಕ್ಷ್ಮಮ್ಮನ ಕಣ್ಣಲ್ಲಿ ನೀರು ಬಂತು.

"ತಲೆ ಕೆಟ್ಟೈತೇನೆ ನಿಂಗೆ?"

"ಬೇವು, ಅತ್ತೆ. ನೀವು ಅರೆದ ಬೇವು ಬೆರಳಲ್ಲೇ ಇದೆ. ಕೂಸಿಗೆ ಇಷ್ಟು ದಿನವೂ ಅದೇ ಬಾಯಿಗೆ ಹೋಗಿದೆ. ಅದು ನಿಮ್ಮನ್ನ ಬೇಡ ಅಂದಿದ್ದಲ್ಲ. ಇವತ್ತು ನಾನು ಅರೆದೆ, ನನ್ನ ಮುಖಕ್ಕೂ ಉಗಿದಳು."

ನರಸಮ್ಮ ತನ್ನ ಬೆರಳನ್ನು ತಾನೇ ನೆಕ್ಕಿ ನೋಡಿದಳು. "ನಂಗೇನೂ ಗೊತ್ತಾಗಲ್ವಲ್ಲೇ" ಅಂದಳು. ಆಮೇಲೆ ಕೂಸಿನ ಮುಖ ನೋಡಿದಳು. "ಅಯ್ಯೋ ನನ್ನವ್ವಾ, ಅಷ್ಟ್ ದಿವ್ಸ ನಿಂಗೆ ಕಯಿ ತಿನ್ಸಿದ್ನೇನೇ? ನಾನೇ ತಿನ್ಸಿದ್ನಾ?"

"ತಪ್ಪು ನನ್ನದು ಅತ್ತೆ. ಆಡಬಾರದ ಮಾತು ಆಡಿದೆ."

"ಆಡ್ದೆ. ಅದನ್ನ ನಾನು ಸಾಯೋಗಂಟ ಮರೆಯಲ್ಲ. ಈಗ ಬಾಯ್ ಮುಚ್ಕೊಂಡು ಎಣ್ಣೆ ಉಯ್ಯಿ."

ಎಣ್ಣೆ ಹಾಕಿ, ಹಿಟ್ಟು ಹಾಕಿ, ನಲ್ಲಿಯ ಹತ್ತಿರ ಸೊಸೆ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು, ಒಂದೊಂದಾಗಿ ನೆಕ್ಕಿ ನೋಡಿದಳು. ಮೂರು ಸಲ ಉಜ್ಜಬೇಕಾಯಿತು. ಅಷ್ಟರಲ್ಲಿ ಚಿಕ್ಕ ರೈಲು ಬಂದು ನಿಂತಿತು.

ನರಸಮ್ಮ ಮರದ ಕೆಳಗೆ ಕಾಲು ಚಾಚಿ ಕೂಸನ್ನು ಹಾಕಿಕೊಂಡಳು. ಬೆರಳಲ್ಲಿ ಸರಿ ತೆಗೆದಳು. ಅಮ್ಮಣ್ಣಿ ಆ ಬೆರಳನ್ನು ಕಂಡದ್ದೇ ತುಟಿ ಬಿಗಿಯಿತು. ವರಲಕ್ಷ್ಮಮ್ಮ ಕೂಸಿನ ಬೆನ್ನ ಹಿಂದೆ ಸರಿದು ನಿಂತಳು. ಕೈ ತೊಳೆದರೇನು, ಕೂಸಿಗೆ ನೆನಪಿರುತ್ತದಲ್ಲ! ನರಸಮ್ಮ ಅವಸರ ಮಾಡಲಿಲ್ಲ, ರೈಲಪ್ಪನನ್ನೂ ಕರೆಯಲಿಲ್ಲ. ಬೆರಳನ್ನು ತುಟಿಯ ಅಂಚಿಗೆ ಮುಟ್ಟಿಸಿ ಹಾಗೇ ಹಿಡಿದಳು. ಕೂಸು ಅತ್ತಿತ್ತ ತಲೆ ಆಡಿಸಿತು. ನಾಲಿಗೆಯ ತುದಿ ಹೊರಗೆ ಬಂತು, ಮುಟ್ಟಿತು, ಒಳಗೆ ಹೋಯಿತು. ಮತ್ತೆ ಬಂತು. ಆಮೇಲೆ ಎರಡೂ ಕೈಯಲ್ಲಿ ಅಜ್ಜಿಯ ಬೆರಳು ಹಿಡಿದು ಚೀಪತೊಡಗಿತು.

"ತಿಂತಾಳೆ ಅತ್ತೆ!"

"ಕೂಗ್ಬೇಡ್ವೇ, ಅದು ಇತ್ತಾಗೆ ತಿರಿಕ್ಕೊಂಡ್ರೆ ಮುಗೀತು." ನರಸಮ್ಮ ಎರಡನೆಯದನ್ನು ಕೊಟ್ಟಳು, ಮೂರನೆಯದನ್ನು ಕೊಟ್ಟಳು. ಪಾತ್ರೆಯಿಂದ ತಲೆ ಎತ್ತದೆಯೇ ಮಾತಾಡಿದಳು. "ಐದೈದ್ ಸಲ ಯಾಕ್ ಅರೀತಿದ್ದೆ ಅಂತ ಕೇಳ್ದ್ಯಾ ನೀನು? ನೀನು ಓಗ್ಲಿ ಅಂತ್ಲೇ. ನಿನ್ನೆ ಸದ್ದಾದಾಗ ನಿನ್ನ ಮೊಖ ನೋಡ್ದೆ. ಆ ಸದ್ದಿಗೆ ಕಾಯ್ಕೊಂಡು ಒಲೆ ಮುಂದೆ ಕೂರೋದೇ ನಿಂಗೆ ಬದುಕಾಗ್ಬಾರ್ದು. ಬ್ಯಾರೆ ಏನಾರಾ ಒಂದು ಇರ್ಬೇಕು ಕೈಯಾಗೆ. ಓಗು. ಸಂಜೆ ರೈಲಿಗೆ ನಾನು ಕೂಸನ್ನ ಕರ್ಕೊಂಡು ಲೈನಿಗೆ ಓಯ್ತೀನಿ."

"ಒಂದು ಸಲ ಎತ್ತಿಕೊಳ್ತೀನಿ ಅತ್ತೆ."

"ಬ್ಯಾಡ. ಎತ್ಕೊಂಡ್ರೆ ಅದೂ ಬಿಡಲ್ಲ, ನೀನೂ ಬಿಡಲ್ಲ. ಅದ್ರ ಕಣ್ಗೆ ಬೀಳ್ದಂಗೆ ಓಗು."

ಗಾರ್ಡು ಸೀಟಿ ಊದಿದ. ವರಲಕ್ಷ್ಮಮ್ಮ ಟ್ರಂಕು ಹಿಡಿದು ಮರದ ಹಿಂಬದಿಯಿಂದ ಸುತ್ತಿ ಬಂದು ಹತ್ತಿದಳು. ಹತ್ತು ಮಾರು ದೂರದಲ್ಲಿ ಮಗಳ ಬೆನ್ನು, ಸಣ್ಣ ಕುತ್ತಿಗೆ ಕಾಣುತ್ತಿತ್ತು. ಎದೆ ತುಂಬಿ ಬಂದು ರವಿಕೆ ಒದ್ದೆಯಾಯಿತು. ತಿನ್ನಲಿ ಅಂತ ಕಂಡ ದೇವರಿಗೆಲ್ಲ ಹರಕೆ ಹೊತ್ತವಳಿಗೆ ಈಗ, ಒಂದು ಸಲ ನನ್ನನ್ನು ಹುಡುಕಬಾರದೇ ಅನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಆ ರೈಲಿಗೆ ಅವಸರ ಅನ್ನುವುದೇ ಇಲ್ಲ. ಹೊರಟ ಮೇಲೂ ಮನುಷ್ಯರು ನಡೆಯುವಷ್ಟೇ ಜೋರು. ಹೊಂಗೆ ಮರ ಕಿಟಕಿಯ ಎದುರಿಗೆ ಬಂತು. ಅಮ್ಮಣ್ಣಿ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿತು. ಆ ಕಡೆ ನೋಡಿತು, ಈ ಕಡೆ ನೋಡಿತು, ಮುಖ ಸಣ್ಣದಾಯಿತು, ಕೆಳತುಟಿ ಹೊರಗೆ ಬಂತು. ಇಳಿದು ಹತ್ತು ಹೆಜ್ಜೆ ಓಡಿದರೆ ಕೂಸು ಕೈಗೆ ಸಿಗುತ್ತಿತ್ತು. ವರಲಕ್ಷ್ಮಮ್ಮ ಎರಡೂ ಕೈಯಲ್ಲಿ ಕೂತ ಹಲಗೆಯನ್ನು ಬಿಗಿಯಾಗಿ ಹಿಡಿದಳು. ನರಸಮ್ಮ ಇನ್ನೊಂದು ಬೆರಳು ಸರಿ ಮುಂದೆ ಹಿಡಿದಳು. ಕೂಸು ಅಳುವಿಗೆಂದು ತೆರೆದ ಬಾಯಿಯಲ್ಲೇ ಅದನ್ನು ತೆಗೆದುಕೊಂಡಿತು.